ಹೊಟ್ಟೆಯುಬ್ಬರವೆಲ್ಲ ವಾಯುವಲ್ಲ: ಅಂಡಾಶಯದ ಅರ್ಬುದ ರೋಗವನ್ನು ಶಂಕಿಸಬೇಕಾದ ಸಂದರ್ಭಗಳು

ಹೆಂಗಸರಿಗೆ ಬರುವ ಅರ್ಬುದ ರೋಗಗಳಲ್ಲಿ ಕೆಲವು ತಮ್ಮ ಇರವನ್ನು ತಾವೇ ಸಾರುತ್ತವೆ. ಸ್ತನದ ಗಂಟು ಸ್ನಾನ ಮಾಡುವಾಗ ಕೈಗೆ ತಾಗುತ್ತದೆ. ಗರ್ಭಕೋಶದ ಕೊರಳಿನ ರೋಗವು ಅಕಾಲದ ರಕ್ತಸ್ರಾವದ ಮೂಲಕ ಎಚ್ಚರಿಕೆ ಕೊಡುತ್ತದೆ. ಬಾಯಿಯ ಹುಣ್ಣು ಕನ್ನಡಿಯಲ್ಲಿ ಕಾಣುತ್ತದೆ. ಆದರೆ ಅಂಡಾಶಯದ ಅರ್ಬುದ, ಎಂದರೆ ಕ್ಯಾನ್ಸರ್, ಕಣ್ಣಿಗೂ ಕೈಗೂ ಸಿಗದ ಕಿಬ್ಬೊಟ್ಟೆಯ ತಳದಲ್ಲಿ ಹುಟ್ಟಿ, ಬಹುಕಾಲ ಅಜೀರ್ಣದ ವೇಷದಲ್ಲಿ ಇದ್ದುಬಿಡುತ್ತದೆ. ಹೊಟ್ಟೆ ಉಬ್ಬುವುದು, ಊಟ ಸೇರದಿರುವುದು, ಕಿಬ್ಬೊಟ್ಟೆಯಲ್ಲಿ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನ್ನಿಸುವುದು, ಇವನ್ನು ಕಂಡು ಕ್ಯಾನ್ಸರ್ ಎಂದು ಯಾರು ತಾನೆ ಶಂಕಿಸುತ್ತಾರೆ? ವಾಯುವೆಂದು ಓಮದ ಕಷಾಯ ಕುಡಿಯುತ್ತಾರೆ, ಉಷ್ಣವೆಂದು ಎಳನೀರು ಕುಡಿಯುತ್ತಾರೆ, ಅಂಗಡಿಯಿಂದ ಗ್ಯಾಸಿನ ಮಾತ್ರೆ ತಂದು ನುಂಗುತ್ತಾರೆ. ಹೀಗೆ ತಿಂಗಳುಗಳು ಉರುಳುತ್ತವೆ.

ಈ ಕಾರಣದಿಂದಲೇ, ರೋಗವು ಪತ್ತೆಯಾಗುವ ವೇಳೆಗೆ ಬಹುಪಾಲು ರೋಗಿಗಳಲ್ಲಿ ಅದು ಅಂಡಾಶಯವನ್ನು ದಾಟಿ ಹೊಟ್ಟೆಯೊಳಗೆಲ್ಲ ಹರಡಿರುತ್ತದೆ. ಅಂಡಾಶಯದಲ್ಲಿಯೇ ಇರುವಾಗ ಪತ್ತೆಯಾದರೆ, ಚಿಕಿತ್ಸೆ ಪಡೆದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಐದು ವರ್ಷಗಳ ನಂತರವೂ ಬದುಕಿರುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಈ ಸಂಖ್ಯೆ ಹತ್ತರಲ್ಲಿ ಮೂವರಿಗೆ ಇಳಿಯುತ್ತದೆ. ನಮ್ಮ ದೇಶದ ಹೆಂಗಸರಲ್ಲಿ ಸ್ತನ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರುಗಳ ನಂತರ ಮೂರನೆಯ ಸ್ಥಾನ ಅಂಡಾಶಯದ ಕ್ಯಾನ್ಸರಿನದು. 2020ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಭಾರತದಲ್ಲಿ ಸುಮಾರು 45 ಸಾವಿರ ಹೆಂಗಸರಿಗೆ ಇದು ಹೊಸದಾಗಿ ಕಾಣಿಸಿಕೊಂಡಿತು.

ಈ ಪುಸ್ತಿಕೆಯನ್ನು ಓದುವ ದಂಪತಿಗಳಲ್ಲಿ ಅನೇಕರು ಇನ್ನೂ ಚಿಕ್ಕ ವಯಸ್ಸಿನವರು. ಈ ರೋಗವಾದರೋ ಹೆಚ್ಚಾಗಿ ಮುಟ್ಟು ನಿಲ್ಲುವ ಕಾಲದಲ್ಲಿ ಮತ್ತು ನಿಂತ ಮೇಲೆ ಬರುವಂಥದು. ಹಾಗಾದರೆ ನಮಗೇಕೆ ಈ ವಿಷಯ ಎಂದು ನೀವು ಕೇಳಬಹುದು. ನಿಮ್ಮ ಮನೆಯಲ್ಲಿ ಅತ್ತೆಯವರಿದ್ದಾರೆ, ತಾಯಿಯಿದ್ದಾರೆ, ಪಕ್ಕದ ಮನೆಯಲ್ಲಿ ದೊಡ್ಡಮ್ಮನಿದ್ದಾರೆ. ಮುಟ್ಟು ನಿಂತ ಹೆಂಗಸಿಗೆ ಹೆಂಗಸರ ಕಾಯಿಲೆ ಬರುವುದಿಲ್ಲವೆಂದು ಹಳ್ಳಿಗಳಲ್ಲಿ ಬಲವಾದ ನಂಬಿಕೆಯುಂಟು. ಗರ್ಭಿಣಿ ಸೊಸೆಯನ್ನು ತಪ್ಪದೆ ತಪಾಸಣೆಗೆ ಕರೆತರುವ ಅತ್ತೆಯವರು ತಮ್ಮ ಹೊಟ್ಟೆನೋವಿನ ಮಾತೆತ್ತುವುದೇ ಇಲ್ಲ. ಅದನ್ನು ಗಮನಿಸಬೇಕಾದವರು ಮಗ ಮತ್ತು ಸೊಸೆ.

ಅಂಡಾಶಯವು ಇರುವ ಜಾಗ

ಗರ್ಭಕೋಶದ ಎರಡು ಪಕ್ಕಗಳಲ್ಲಿ ಒಂದೊಂದರಂತೆ ಎರಡು ಅಂಡಾಶಯಗಳಿವೆ. ಗಾತ್ರದಲ್ಲಿ ಇವು ಸಿಪ್ಪೆಸಹಿತವಾದ ಬಾದಾಮಿ ಕಾಯಿಯಷ್ಟು. ತಿಂಗಳಿಗೊಂದು ಅಂಡವನ್ನು ಪಕ್ವಗೊಳಿಸುವುದು, ಸ್ತ್ರೀತ್ವಕ್ಕೆ ಬೇಕಾದ ರಸಗಳನ್ನು ರಕ್ತಕ್ಕೆ ಸೇರಿಸುವುದು ಇವುಗಳ ಕೆಲಸ. ಮುಟ್ಟು ನಿಂತ ಮೇಲೆ ಇವು ಸುಕ್ಕಿ ಚಿಕ್ಕದಾಗುತ್ತವೆಯೇ ಹೊರತು ಮಾಯವಾಗುವುದಿಲ್ಲ.

ಅಂಡಾಶಯದ ಮುಂದೆ ಮೂತ್ರಕೋಶ, ಹಿಂದೆ ಮಲಾಶಯ, ಮೇಲೆ ಕರುಳಿನ ಸುರುಳಿಗಳು. ಅಲ್ಲಿ ಬೆಳೆಯುವ ಗಡ್ಡೆಗೆ ಜಾಗ ಧಾರಾಳವಾಗಿದೆ. ಕರುಳು ಪಕ್ಕಕ್ಕೆ ಸರಿದು ಎಡೆಮಾಡಿಕೊಡುತ್ತದೆ. ಆದ್ದರಿಂದ ಗಡ್ಡೆಯು ನಿಂಬೆಹಣ್ಣಿನಷ್ಟಾಗಿರುವಾಗ ಏನೂ ತಿಳಿಯದಿರುವುದು ಸಾಮಾನ್ಯ. ತಿಳಿಯುವಾಗಲೂ ಅಂಡಾಶಯವೇ ನೋಯುವುದಕ್ಕಿಂತ ಹೆಚ್ಚಾಗಿ ಅದರ ನೆರೆಯ ಅಂಗಗಳು ದೂರುತ್ತವೆ. ಮೂತ್ರಕೋಶವನ್ನು ಒತ್ತಿದರೆ ಮೂತ್ರದ ತೊಂದರೆ, ಕರುಳನ್ನು ಒತ್ತಿದರೆ ಮಲಬದ್ಧತೆ. ರೋಗದ ಕಣಗಳು ಗಡ್ಡೆಯಿಂದ ಉದುರಿ ಹೊಟ್ಟೆಯೊಳಗಿನ ದ್ರವದಲ್ಲಿ ತೇಲುತ್ತ, ಕರುಳನ್ನು ಹೊದಿಕೆಯಂತೆ ಮುಚ್ಚಿರುವ ಕೊಬ್ಬಿನ ಪದರದ ಮೇಲೆ ಬೀಜದಂತೆ ಬಿದ್ದು ಬೇರೂರಿದರೆ, ಹೊಟ್ಟೆಯಲ್ಲಿ ನೀರು ತುಂಬತೊಡಗುತ್ತದೆ. ಆಗ ಹೊಟ್ಟೆ ಉಬ್ಬುತ್ತದೆ, ಜಠರಕ್ಕೆ ಹಿಗ್ಗಲು ಎಡೆಯಿಲ್ಲದೆ ನಾಲ್ಕು ತುತ್ತಿಗೇ ಸಾಕೆನ್ನಿಸುತ್ತದೆ. ಹೊಟ್ಟೆಯ ಕಾಯಿಲೆಯಂತೆ ತೋರುವ ಇದು ವಾಸ್ತವವಾಗಿ ಹೊಟ್ಟೆಯ ಕಾಯಿಲೆಯಲ್ಲ ಎಂಬುದು ಇಷ್ಟರಿಂದ ತಿಳಿಯುತ್ತದೆ.

ಗಮನಿಸಬೇಕಾದ ಚಿಹ್ನೆಗಳು

ಮೊದಲನೆಯದು ಹೊಟ್ಟೆಯುಬ್ಬರ. ವಾಯುವಿನಿಂದ ಉಬ್ಬಿದ ಹೊಟ್ಟೆಯು ಸಂಜೆ ಉಬ್ಬಿ ಬೆಳಗ್ಗೆ ಇಳಿಯುತ್ತದೆ. ಅವರೆಕಾಳು ತಿಂದ ದಿನ ಉಬ್ಬಿ, ಗಾಳಿ ಹೋದ ಮೇಲೆ ಹಗುರವಾಗುತ್ತದೆ. ಕ್ಯಾನ್ಸರಿನ ಉಬ್ಬರ ಬೆಳಗ್ಗೆಯೂ ಇಳಿಯುವುದಿಲ್ಲ, ವಾರದಿಂದ ವಾರಕ್ಕೆ ಏರುತ್ತದೆ. ನಮ್ಮ ಹೆಂಗಸರಿಗೆ ಇದನ್ನು ಅಳೆಯಲು ಅಳತೆಪಟ್ಟಿ ಬೇಕಿಲ್ಲ. ಲಂಗದ ಲಾಡಿ ಮೊದಲು ಕಟ್ಟುತ್ತಿದ್ದ ಜಾಗಕ್ಕೆ ಎಟುಕುವುದಿಲ್ಲ. ಅದೇ ಸೀರೆಯನ್ನು ಉಟ್ಟಾಗ ನೆರಿಗೆಗಳು ಒಂದೆರಡು ಕಡಿಮೆಯಾಗುತ್ತವೆ. ಇದೇ ಕಾಲದಲ್ಲಿ ರವಿಕೆಯ ತೋಳು ಸಡಿಲವಾದರೆ, ಕೈಬಳೆ ಮೊಣಕೈಯತ್ತ ಜಾರಿದರೆ, ಎಂದರೆ ಮೈ ಇಳಿದು ಹೊಟ್ಟೆ ಮಾತ್ರ ಬೆಳೆದರೆ, ಅದನ್ನು ದಪ್ಪವಾಗುತ್ತಿದ್ದಾರೆ ಎಂದು ಭಾವಿಸಲೇಬಾರದು.

ಎರಡನೆಯದು, ಬೇಗನೆ ಹೊಟ್ಟೆ ತುಂಬಿದಂತಾಗುವುದು. ಹಸಿವಿಲ್ಲವೆಂದಲ್ಲ, ಹಸಿವಿನಿಂದಲೇ ಎಲೆಯ ಮುಂದೆ ಕುಳಿತವರಿಗೆ ಅರ್ಧ ಮುದ್ದೆಗೇ ಗಂಟಲವರೆಗೆ ತುಂಬಿದಂತಾಗುತ್ತದೆ. ಎರಡು ರೊಟ್ಟಿ ತಿನ್ನುತ್ತಿದ್ದವರು ಒಂದನ್ನು ಮುಗಿಸಲಾರರು. ಎಲ್ಲರೂ ಉಂಡ ಮೇಲೆ ಒಬ್ಬಳೇ ಉಣ್ಣುವ ಪದ್ಧತಿಯಿರುವ ಮನೆಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಟ್ಟಿಗೆ ಕುಳಿತು ಊಟ ಮಾಡಬೇಕೆಂದು ಪೌಷ್ಟಿಕ ಆಹಾರದ ಕುರಿತು ಹೇಳುವಾಗಲೆಲ್ಲ ನಾವು ಒತ್ತಾಯಿಸುತ್ತೇವೆ. ಅದಕ್ಕೆ ಇದೂ ಒಂದು ಕಾರಣ.

ಮೂರನೆಯದು ಕಿಬ್ಬೊಟ್ಟೆಯಲ್ಲಿ ಅಥವಾ ಹೊಟ್ಟೆಯಲ್ಲಿ ನೋವು, ಭಾರ, ಜಗ್ಗಿದಂತಹ ಅನುಭವ. ಇದು ಹೆರಿಗೆಯ ನೋವಿನಂತೆ ತೀವ್ರವಾಗಿರಬೇಕೆಂದಿಲ್ಲ. ನಾಟಿಯ ಕೆಲಸದಲ್ಲಿ ಬಗ್ಗಿ ಬಗ್ಗಿ ಬಂದ ಸೊಂಟನೋವೆಂದು ತಳ್ಳಿಹಾಕುವಷ್ಟೇ ಇರಬಹುದು. ನಾಲ್ಕನೆಯದು ಮೂತ್ರದ ತೊಂದರೆ: ಮೇಲಿಂದ ಮೇಲೆ ಹೋಗಬೇಕೆನ್ನಿಸುವುದು, ಬಂತೆಂದರೆ ತಡೆಯಲಾಗದಿರುವುದು. ಉರಿಮೂತ್ರ, ಸಕ್ಕರೆ ಕಾಯಿಲೆಗಳಲ್ಲಿಯೂ ಹೀಗಾಗುತ್ತದೆ. ಮೂತ್ರ ಹಾಗೂ ಸಕ್ಕರೆಯ ಪರೀಕ್ಷೆಗಳಲ್ಲಿ ದೋಷ ಕಾಣದೆಯೂ ತೊಂದರೆ ಮುಂದುವರಿದರೆ ಕಿಬ್ಬೊಟ್ಟೆಯತ್ತ ಗಮನ ಹರಿಸಬೇಕು.

ಇವುಗಳ ಜೊತೆಗೆ ಕಾರಣವಿಲ್ಲದ ಆಯಾಸ, ತೂಕ ಇಳಿಯುವುದು, ಹೊಸದಾಗಿ ಬಂದ ಮಲಬದ್ಧತೆ ಇರಬಹುದು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಾಣಿಸಿದರೂ ಅದೇ ವಾರದಲ್ಲಿ ವೈದ್ಯರಿಗೆ ತೋರಿಸಬೇಕು. ಅದರ ಮೂಲ ಅಂಡಾಶಯಕ್ಕಿಂತ ಗರ್ಭಕೋಶದಲ್ಲಿರುವ ಸಂಭವವೇ ಹೆಚ್ಚಾದರೂ ತಡಮಾಡುವಂತಿಲ್ಲ.

ಇಷ್ಟು ಓದಿ ಪ್ರತಿಯೊಬ್ಬ ಗೃಹಿಣಿಯೂ ತನಗೆ ಈ ರೋಗವಿರಬಹುದೆಂದು ಹೆದರುವ ಅಪಾಯವುಂಟು. ಹೊಟ್ಟೆಯುಬ್ಬರ, ಸೊಂಟನೋವು ಯಾರಿಗೆ ಬರುವುದಿಲ್ಲ? ಇಂತಹ ದೂರುಗಳೊಂದಿಗೆ ಬರುವವರಲ್ಲಿ ಬಹುತೇಕ ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಭೇದವನ್ನು ತಿಳಿಯಲು ಎರಡು ಪ್ರಶ್ನೆಗಳು ನೆರವಾಗುತ್ತವೆ. ಇದು ಹೊಸದೇ? ಇದು ಬಿಡದೆ ಬರುತ್ತಿದೆಯೇ? ಹತ್ತು ವರ್ಷಗಳಿಂದ ಇರುವ ಗ್ಯಾಸಿನ ತೊಂದರೆ ಬೇರೆ, ಕಳೆದ ದೀಪಾವಳಿಯವರೆಗೆ ಇಲ್ಲದೆ ಈಚೆಗೆ ಆರಂಭವಾದದ್ದು ಬೇರೆ. ತಿಂಗಳಿಗೆ ಎರಡು ದಿನ ಬಂದು ಹೋಗುವುದು ಬೇರೆ, ತಿಂಗಳಲ್ಲಿ ಹನ್ನೆರಡು ದಿನಗಳಿಗಿಂತ ಹೆಚ್ಚಾಗಿ ಕಾಡುವುದು ಬೇರೆ. ಒಂದು ವರ್ಷದೊಳಗೆ ಆರಂಭವಾಗಿ, ತಿಂಗಳಿಗೆ ಹನ್ನೆರಡಕ್ಕೂ ಹೆಚ್ಚು ದಿನ ಬರುವ ಹೊಟ್ಟೆಯುಬ್ಬರ, ನೋವು, ಬೇಗ ಹೊಟ್ಟೆ ತುಂಬುವಿಕೆ ಇವುಗಳನ್ನು ಶಂಕೆಯ ಗುರುತಾಗಿ ಹಿಡಿಯಬೇಕೆಂದು 2007ರಲ್ಲಿ ಅಮೆರಿಕದ ವೈದ್ಯರು ಸೂಚಿಸಿದರು. 2011ರಿಂದ ಬ್ರಿಟನ್ನಿನ ವೈದ್ಯರಿಗೂ ಹೆಚ್ಚುಕಡಿಮೆ ಇದೇ ಸೂಚನೆಯಿದೆ. ಐವತ್ತು ದಾಟಿದವರಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ "ಗ್ಯಾಸು" ಗ್ಯಾಸೇ ಎಂದು ಪರೀಕ್ಷೆಯಿಲ್ಲದೆ ಒಪ್ಪಕೂಡದು.

ಹನ್ನೆರಡು ದಿನಗಳನ್ನು ನೆನಪಿನಿಂದ ಹೇಳುವುದು ಕಷ್ಟ. ಹಾಲಿನ ಲೆಕ್ಕ ಗುರುತು ಹಾಕುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಹೊಟ್ಟೆ ಉಬ್ಬಿದ ದಿನ ಒಂದು ಚುಕ್ಕೆ, ಊಟ ಸೇರದ ದಿನ ಒಂದು ಗೆರೆ ಹಾಕುತ್ತ ಬನ್ನಿ. ಓದು ಬಾರದ ಹಿರಿಯರ ಪರವಾಗಿ ಸೊಸೆಯೋ ಮೊಮ್ಮಗಳೋ ಹಾಕಬಹುದು. ಮೂರು ವಾರಗಳಾದರೂ ಗುರುತುಗಳು ನಿಲ್ಲದಿದ್ದರೆ ಆ ಹಾಳೆಯನ್ನೇ ಹರಿದು ತಂದು ವೈದ್ಯರ ಮುಂದಿಡಿ. ಹೊರರೋಗಿಗಳ ಸಾಲು ಉದ್ದವಾಗಿರುವಾಗ "ಹೊಟ್ಟೆ ಸರಿಯಿಲ್ಲ" ಎಂಬ ಮಾತಿಗಿಂತ ಆ ಹಾಳೆಯು ಸ್ಪಷ್ಟವಾಗಿ ಮಾತಾಡುತ್ತದೆ.

ಹೊಟ್ಟೆಯಲ್ಲಿ ಗಡ್ಡೆಯಿರುವವರಿಗೆ ಇದ್ದಕ್ಕಿದ್ದಂತೆ ಒಂದು ಪಕ್ಕದಲ್ಲಿ ಸಹಿಸಲಾರದ ನೋವು, ವಾಂತಿ ಬಂದರೆ ಗಡ್ಡೆಯು ತನ್ನ ಬುಡದಲ್ಲಿ ತಿರುಚಿಕೊಂಡಿರಬಹುದು. ಅದು ಕ್ಯಾನ್ಸರ್ ಇರಲಿ ಬಿಡಲಿ, ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭ.

ಒಂದು ಉದಾಹರಣೆ

ಸುಮಾರು ಐವತ್ತೈದು ವರ್ಷದ ತಾಯಿಯೊಬ್ಬರನ್ನು ಅವರ ಸೊಸೆ ನಮ್ಮ ಕೇಂದ್ರಕ್ಕೆ ಕರೆತಂದಿದ್ದರು. ಎಂಟು ತಿಂಗಳಿಂದ ಹೊಟ್ಟೆಯುಬ್ಬರ. ಮೂರು ಕಡೆ ತೋರಿಸಿದ್ದರು, ಮೂರು ಕಡೆಯೂ ಗ್ಯಾಸಿನ ಮಾತ್ರೆ. ಒಂದೆಡೆ ಹೊಟ್ಟೆಗೆ ಸೂಜಿ ಹಾಕಿ ಎರಡು ಲೀಟರು ನೀರು ತೆಗೆದು ಕಳುಹಿಸಿದ್ದರು. ಹದಿನೈದು ದಿನ ಹಗುರವೆನ್ನಿಸಿ ಮತ್ತೆ ತುಂಬಿತ್ತು. ತೆಗೆದ ನೀರನ್ನು ಪರೀಕ್ಷೆಗೆ ಕಳುಹಿಸಿರಲಿಲ್ಲ. "ನಮ್ಮತ್ತೆಗೆ ಸೀರೆ ಉಡಿಸೋಳು ನಾನು. ಹೊಟ್ಟೆ ಬೆಳೀತಾ ಇದೆ, ಬೆನ್ನಿನ ಮೂಳೆ ಎಣಿಸಬಹುದು. ಇದು ಗ್ಯಾಸಲ್ಲ ಸಾರ್" ಎಂದು ಆಕೆ ಹೇಳಿದ ಮಾತು ರೋಗನಿರ್ಣಯದ ಅರ್ಧಭಾಗವಾಗಿತ್ತು. ಸ್ಕ್ಯಾನಿನಲ್ಲಿ ಎರಡೂ ಅಂಡಾಶಯಗಳಲ್ಲಿ ಗಡ್ಡೆ, ಹೊಟ್ಟೆಯಲ್ಲಿ ನೀರು ಕಂಡಿತು. ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೊದಲು ಔಷಧಿ ಕೊಟ್ಟು, ಅನಂತರ ಶಸ್ತ್ರಚಿಕಿತ್ಸೆ ಮಾಡಿ, ಮತ್ತೆ ಔಷಧಿ ಕೊಟ್ಟರು. ಆ ತಾಯಿ ಈಗ ತಪಾಸಣೆಗೆ ಹೋಗಿಬರುತ್ತಿದ್ದಾರೆ. ರೋಗವು ಹರಡಿದ್ದ ಹಂತದಲ್ಲಿ ಪತ್ತೆಯಾದುದರಿಂದ ಅದು ಮರುಕಳಿಸಬಹುದೆಂಬ ಆತಂಕ ಅವರ ಮನೆಯವರಿಗೂ ನಮಗೂ ಇದ್ದೇ ಇದೆ. ಮೊದಲನೆಯ ತಿಂಗಳಿನಲ್ಲಿಯೇ ಯಾರಾದರೂ ಸ್ಕ್ಯಾನ್ ಮಾಡಿಸಿದ್ದರೆ ಎಂಬ ಮಾತನ್ನು ಆ ಸೊಸೆ ನಮ್ಮೆದುರು ಎರಡು ಬಾರಿ ಆಡಿದರು.

ಹೊಟ್ಟೆಯಲ್ಲಿ ನೀರು ತುಂಬಿದರೆ ಅದನ್ನು ತೆಗೆಯುವುದು ಚಿಕಿತ್ಸೆಯಲ್ಲ, ಉಪಶಮನ ಮಾತ್ರ. ನೀರು ಏಕೆ ತುಂಬಿತು ಎಂದು ಕೇಳಿ. ತೆಗೆದ ನೀರನ್ನು ಪ್ರಯೋಗಶಾಲೆಗೆ ಕಳುಹಿಸುವಿರಾ ಎಂದೂ ಕೇಳಿ. ಹೀಗೆ ಕೇಳುವುದರಿಂದ ವೈದ್ಯರಿಗೆ ಅಗೌರವವಾಗುವುದಿಲ್ಲ.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ?

ಮೊದಲು ವೈದ್ಯರು ಹೊಟ್ಟೆಯನ್ನು ಮುಟ್ಟಿ ನೋಡುತ್ತಾರೆ. ಅನಂತರ ಯೋನಿಮಾರ್ಗದ ಮೂಲಕ ಕಿಬ್ಬೊಟ್ಟೆಯ ಪರೀಕ್ಷೆ ಮಾಡಬೇಕಾಗಬಹುದು. ಇದಕ್ಕೆ ಸಂಕೋಚಪಟ್ಟು ಹೊಟ್ಟೆನೋವಿನ ಮಾತ್ರೆಯಷ್ಟನ್ನೇ ಪಡೆದು ಹಿಂದಿರುಗುವವರು ಬಹಳ. ವೈದ್ಯರು ಪುರುಷರಾಗಿದ್ದರೆ ದಾದಿಯೊಬ್ಬರು ಜೊತೆಗಿರುವಂತೆ ಕೇಳುವ ಹಕ್ಕು ರೋಗಿಗಿದೆ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ತಜ್ಞೆಯ ಬಳಿಗೆ ಕಳುಹಿಸಿರೆಂದೂ ಕೇಳಬಹುದು. ಮುಂದಿನ ಹೆಜ್ಜೆ ಸ್ಕ್ಯಾನ್, ಎಂದರೆ ಗರ್ಭಿಣಿಯರಿಗೆ ಮಾಡುವಂತಹ ಅಲ್ಟ್ರಾಸೌಂಡ್ ಪರೀಕ್ಷೆ. ಇದರಿಂದ ನೋವಿಲ್ಲ.

ಜೊತೆಗೆ ಸಿ.ಎ. 125 ಎಂಬ ರಕ್ತಪರೀಕ್ಷೆಯನ್ನು ಮಾಡಿಸುವುದುಂಟು. ಅಂಡಾಶಯದ ಕ್ಯಾನ್ಸರಿನಲ್ಲಿ ಈ ಅಂಶವು ರಕ್ತದಲ್ಲಿ ಏರುತ್ತದೆ. ಸಾಮಾನ್ಯವಾಗಿ 35ರವರೆಗೆ ಸಹಜವೆಂದು ಪರಿಗಣಿಸುತ್ತಾರೆ. ಆದರೆ ಮುಟ್ಟಿನ ದಿನಗಳಲ್ಲಿ, ಗರ್ಭಿಣಿಯರಲ್ಲಿ, ಗರ್ಭಕೋಶದ ನಾರುಗಡ್ಡೆಯಲ್ಲಿ, ಹೊಟ್ಟೆಯ ಕ್ಷಯರೋಗದಲ್ಲಿಯೂ ಇದು ಏರುತ್ತದೆ. ರೋಗದ ಮೊದಲ ಹಂತದಲ್ಲಿ ಏರದೆಯೂ ಇರಬಹುದು. ಆದುದರಿಂದ ಕಾಗದದ ಮೇಲಿನ ಒಂದು ಸಂಖ್ಯೆಯನ್ನು ನೋಡಿ ಮನೆಯವರೆಲ್ಲ ಅಳುವುದೂ ಸಲ್ಲದು, ನಿಶ್ಚಿಂತರಾಗುವುದೂ ಸಲ್ಲದು. ಹೊಟ್ಟೆಯ ಕ್ಷಯವು ನೀರು, ಗಡ್ಡೆ, ಕೃಶತೆ, ಏರಿದ ಸಿ.ಎ. 125 ಎಲ್ಲದರಲ್ಲಿಯೂ ಈ ಕ್ಯಾನ್ಸರನ್ನು ಹೋಲುತ್ತದೆ, ಆದರೆ ಅದು ಮಾತ್ರೆಗಳಿಂದ ಗುಣವಾಗುವ ರೋಗ. ಕೆಲವೊಮ್ಮೆ ತುಣುಕು ತೆಗೆದು ಪರೀಕ್ಷಿಸಿದ ಮೇಲೆಯೇ ಇವೆರಡರ ಭೇದ ತಿಳಿಯುತ್ತದೆ.

ಉಪಕೇಂದ್ರಗಳಲ್ಲಿ ಮೂವತ್ತು ದಾಟಿದ ಹೆಂಗಸರಿಗೆ ಬಾಯಿ, ಸ್ತನ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆ ನಡೆಯುತ್ತದೆ. ಅವಶ್ಯವಾಗಿ ಮಾಡಿಸಿಕೊಳ್ಳಿ. ಆದರೆ ಅದರಲ್ಲಿ ಸರಿಯಾಗಿದೆಯೆಂದು ಬಂದರೆ ಅಂಡಾಶಯವೂ ಸರಿಯಾಗಿದೆಯೆಂದು ಅರ್ಥವಲ್ಲ. ಗರ್ಭಕೋಶದ ಕೊರಳಿನ ಪ್ಯಾಪ್ ಪರೀಕ್ಷೆಯಲ್ಲಿ ಅಂಡಾಶಯವನ್ನು ನೋಡುವುದಿಲ್ಲ. ಹಾಗಾದರೆ ಆರೋಗ್ಯವಂತರಿಗೆಲ್ಲ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿದರಾಗದೇ? ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಹಲವು ವರ್ಷ ಗಮನಿಸಿ ಈ ಪ್ರಶ್ನೆಯನ್ನು ಪರೀಕ್ಷಿಸಲಾಯಿತು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಯಾವ ತೊಂದರೆಯೂ ಇಲ್ಲದವರಿಗೆ ಹೀಗೆ ಪರೀಕ್ಷೆ ಮಾಡಿದುದರಿಂದ ಸಾವುಗಳು ಕಡಿಮೆಯಾಗಲಿಲ್ಲ. ಆದುದರಿಂದ ಸದ್ಯಕ್ಕೆ ನಮ್ಮ ಕೈಯಲ್ಲಿರುವ ಉಪಾಯವೆಂದರೆ ಚಿಹ್ನೆಗಳನ್ನು ಗಮನಿಸಿ ತಡಮಾಡದೆ ತೋರಿಸುವುದು.

ಗಡ್ಡೆಯೆಲ್ಲ ಕ್ಯಾನ್ಸರಲ್ಲ, ಗರ್ಭಕೋಶ ತೆಗೆಸುವುದೇ ಮದ್ದಲ್ಲ

ಮುಟ್ಟಾಗುವ ವಯಸ್ಸಿನ ಹೆಣ್ಣಿನ ಸ್ಕ್ಯಾನ್ ವರದಿಯಲ್ಲಿ "ಅಂಡಾಶಯದಲ್ಲಿ ನೀರುಗುಳ್ಳೆ" ಎಂದು ಬರೆದಿರುವುದು ತೀರ ಸಾಮಾನ್ಯ. ತಿಂಗಳುತಿಂಗಳು ಅಂಡ ಪಕ್ವವಾಗುವಾಗ ಇಂತಹ ಗುಳ್ಳೆಗಳು ಏಳುತ್ತವೆ, ಎರಡು ಮೂರು ಮುಟ್ಟುಗಳಲ್ಲಿ ತಾವಾಗಿಯೇ ಕರಗುತ್ತವೆ. ವೈದ್ಯರು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ ಎಂದರೆ ಆ ತಾರೀಖಿಗೆ ತಪ್ಪದೆ ಮಾಡಿಸಿದರಾಯಿತು.

ಈ ಭಯವನ್ನೇ ಬಂಡವಾಳ ಮಾಡಿಕೊಂಡು, "ಗರ್ಭಕೋಶ ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ" ಎಂದು ಮೂವತ್ತರ ಆಸುಪಾಸಿನ ಬಡ ಹೆಂಗಸರಿಗೆ ಅನಾವಶ್ಯಕ ಶಸ್ತ್ರಚಿಕಿತ್ಸೆ ಮಾಡಿದ ಪ್ರಕರಣಗಳು ನಮ್ಮ ರಾಜ್ಯವೂ ಸೇರಿದಂತೆ ಹಲವೆಡೆ ವರದಿಯಾಗಿವೆ. ಇಂತಹವನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರಬೇಕೆಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳಿಗೆ ನಿರ್ದೇಶನ ನೀಡಿತು. ಬಿಳಿಸೆರಗು ಅಂಡಾಶಯದ ಕ್ಯಾನ್ಸರಿನ ಚಿಹ್ನೆಯಲ್ಲ, ಅದಕ್ಕಾಗಿ ಗರ್ಭಕೋಶ ತೆಗೆಯಬೇಕಾಗಿಯೂ ಇಲ್ಲ. ಮುಟ್ಟು ನಿಲ್ಲುವ ಮುನ್ನವೇ ಅಂಡಾಶಯಗಳನ್ನು ತೆಗೆದುಬಿಟ್ಟರೆ ಮೂಳೆ ಸವೆತ, ಹೃದಯದ ತೊಂದರೆಗಳು ಬೇಗ ಬರುತ್ತವೆ. ಯಾರಾದರೂ ಆತುರದಿಂದ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದರೆ ಪತಿಯಾದವನು ಹಣ ಹೊಂದಿಸುವುದಕ್ಕೆ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಪಡೆಯಲಿ.

ಇದಕ್ಕೆ ಇನ್ನೊಂದು ಮುಖವೂ ಇದೆ. ಹಿಂದೆ ಗರ್ಭಕೋಶ ತೆಗೆಸಿಕೊಂಡವರು ತಮಗೆ ಇನ್ನು ಭಯವಿಲ್ಲವೆಂದು ತಿಳಿಯುತ್ತಾರೆ. ಅನೇಕ ವೇಳೆ ಗರ್ಭಕೋಶವನ್ನು ತೆಗೆದು ಅಂಡಾಶಯಗಳನ್ನು ಉಳಿಸಿರುತ್ತಾರೆ. ನಿಮ್ಮ ಶಸ್ತ್ರಚಿಕಿತ್ಸೆಯ ಬಿಡುಗಡೆ ಚೀಟಿಯಲ್ಲಿ ಏನೇನು ತೆಗೆದರೆಂದು ಬರೆದಿರುತ್ತದೆ. ಅದನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ. ಅಂಡಾಶಯ ಉಳಿದಿದ್ದರೆ ಮೇಲೆ ಹೇಳಿದ ಚಿಹ್ನೆಗಳೆಲ್ಲ ನಿಮಗೂ ಅನ್ವಯಿಸುತ್ತವೆ.

ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ

ವಯಸ್ಸಾದಂತೆ ಸಂಭವ ಹೆಚ್ಚುತ್ತದೆ. ಮಕ್ಕಳಾಗದವರಲ್ಲಿ ತುಸು ಹೆಚ್ಚು. ಹಾಗೆಂದು ಮಕ್ಕಳಿಲ್ಲದ ಹೆಣ್ಣನ್ನು ಮತ್ತೊಂದು ಮಾತಿನಿಂದ ಚುಚ್ಚಲು ಇದನ್ನು ಬಳಸಬಾರದು, ಹತ್ತು ಹೆತ್ತವರಿಗೂ ಈ ರೋಗ ಬಂದಿದೆ. ಹುಡುಗಿಯರಲ್ಲಿಯೂ ಯುವತಿಯರಲ್ಲಿಯೂ ಅಪರೂಪಕ್ಕೆ ಬೇರೊಂದು ಬಗೆಯ ಅಂಡಾಶಯದ ಕ್ಯಾನ್ಸರ್ ಬರುವುದುಂಟು. ಅದು ಔಷಧಿಗೆ ಚೆನ್ನಾಗಿ ಬಗ್ಗುತ್ತದೆ. ಅವಿವಾಹಿತ ಹುಡುಗಿಯ ಹೊಟ್ಟೆ ದಪ್ಪವಾದರೆ ಊರವರು ಆಡುವ ಮಾತಿಗೆ ಹೆದರಿ ಮನೆಯಲ್ಲಿ ಬಚ್ಚಿಡದೆ ಸ್ಕ್ಯಾನ್ ಮಾಡಿಸುವುದು ತಂದೆತಾಯಿಗಳ ಕರ್ತವ್ಯ.

ತಾಯಿ, ಅಕ್ಕತಂಗಿ, ಮಗಳು ಇವರಲ್ಲಿ ಯಾರಿಗಾದರೂ ಅಂಡಾಶಯದ ಅಥವಾ ಚಿಕ್ಕ ವಯಸ್ಸಿನಲ್ಲಿ ಸ್ತನದ ಕ್ಯಾನ್ಸರ್ ಬಂದಿದ್ದರೆ ಸಂಭವ ಗಣನೀಯವಾಗಿ ಹೆಚ್ಚು. ಕೆಲವು ಮನೆತನಗಳಲ್ಲಿ ಬಿ.ಆರ್.ಸಿ.ಎ. ಎಂದು ಕರೆಯುವ ಎರಡು ವಂಶವಾಹಿಗಳ ದೋಷವು ಹರಿದುಬರುತ್ತದೆ. ಇವುಗಳನ್ನು 1994 ಮತ್ತು 1995ರಲ್ಲಿ ಗುರುತಿಸಲಾಯಿತು. ಈ ದೋಷವು ತಂದೆಯ ಕಡೆಯಿಂದಲೂ ಬರುತ್ತದೆ. ಆದುದರಿಂದ ವೈದ್ಯರು ಮನೆತನದ ರೋಗಗಳನ್ನು ಕೇಳಿದಾಗ ಸೋದರತ್ತೆಯರನ್ನೂ ಮರೆಯದೆ ಹೇಳಿ. ಅಂತಹ ಮನೆತನದವರು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸಲಹೆ ಪಡೆಯುವುದು ಲೇಸು.

ಕುಟುಂಬ ಯೋಜನೆಯ ಸಾಧನಗಳ ವಿಷಯದಲ್ಲಿ ಹಬ್ಬಿರುವ ಸುದ್ದಿಯೊಂದನ್ನು ಇಲ್ಲಿ ಅಲ್ಲಗಳೆಯಬೇಕಾಗಿದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಹೊಟ್ಟೆಯಲ್ಲಿ ಗಡ್ಡೆಯಾಗಿ ಕ್ಯಾನ್ಸರ್ ಬರುತ್ತದೆಂದು ಕೆಲವರು ಹೇಳುತ್ತಾರೆ. ವಾಸ್ತವವು ಇದಕ್ಕೆ ವಿರುದ್ಧವಾಗಿದೆ. ಗರ್ಭನಾಳಗಳನ್ನು ಕಟ್ಟಿಸಿಕೊಂಡವರಲ್ಲಿ ಅಂಡಾಶಯದ ಕ್ಯಾನ್ಸರ್ ಕಡಿಮೆಯೆಂದು ಅನೇಕ ಅಧ್ಯಯನಗಳಿಂದ ತಿಳಿದುಬಂದಿದೆ. ಈ ಕ್ಯಾನ್ಸರಿನ ಅತಿ ಸಾಮಾನ್ಯವಾದ ಬಗೆಯು ಅನೇಕರಲ್ಲಿ ಗರ್ಭನಾಳದ ತುದಿಯಲ್ಲಿಯೇ ಮೊಳೆಯುತ್ತದೆಂದು ಈಚಿನ ವರ್ಷಗಳಲ್ಲಿ ಕಂಡುಕೊಂಡಿದ್ದಾರೆ. ಗರ್ಭನಿರೋಧಕ ನುಂಗುವ ಮಾತ್ರೆಗಳನ್ನು ಐದು ವರ್ಷ ಅಥವಾ ಹೆಚ್ಚು ಕಾಲ ಸೇವಿಸಿದವರಲ್ಲಿ ಈ ರೋಗದ ಸಂಭವ ಸುಮಾರು ಅರ್ಧದಷ್ಟು ತಗ್ಗುತ್ತದೆ. ಮಗುವಿಗೆ ಮೊಲೆಯೂಡಿಸುವುದರಿಂದಲೂ ಸ್ವಲ್ಪ ರಕ್ಷಣೆಯುಂಟು. ಇದನ್ನೋದಿ ಕ್ಯಾನ್ಸರ್ ತಡೆಯಲೆಂದೇ ಮಾತ್ರೆ ನುಂಗಲು ಆರಂಭಿಸಬೇಡಿ. ರಕ್ತದೊತ್ತಡವಿರುವವರಿಗೆ, ಹೊಗೆಸೊಪ್ಪು ಸೇದುವ ಮೂವತ್ತೈದು ದಾಟಿದವರಿಗೆ ಅವು ಹಿತವಲ್ಲ. ಮಾತ್ರೆ ಬೇಕೇ ಬೇಡವೇ ಎಂಬುದು ವೈದ್ಯರೊಂದಿಗೆ ಮಾತಾಡಿ ತೀರ್ಮಾನಿಸುವ ವಿಷಯ. ಹಾಗೆಯೇ, ಈ ವಿಧಾನಗಳನ್ನು ಅನುಸರಿಸಿದವರಿಗೆ ರೋಗ ಬರುವುದೇ ಇಲ್ಲವೆಂದೂ ಅಲ್ಲ.

ಚಿಕಿತ್ಸೆ

ರೋಗ ದೃಢಪಟ್ಟರೆ ಚಿಕಿತ್ಸೆಯು ಎರಡು ಭಾಗಗಳಲ್ಲಿ ನಡೆಯುತ್ತದೆ. ಶಸ್ತ್ರಚಿಕಿತ್ಸೆಯಿಂದ ಅಂಡಾಶಯ, ಗರ್ಭಕೋಶ ಮತ್ತು ರೋಗ ತಗುಲಿದ ಇತರ ಭಾಗಗಳನ್ನು ತೆಗೆಯುತ್ತಾರೆ. ಮಕ್ಕಳಾಗಬೇಕಾದ ಯುವತಿಯಲ್ಲಿ ರೋಗವು ಒಂದೇ ಅಂಡಾಶಯದಲ್ಲಿದ್ದರೆ ಇನ್ನೊಂದನ್ನು ಉಳಿಸಲು ಪ್ರಯತ್ನಿಸುವುದುಂಟು. ಬಹುತೇಕರಿಗೆ ಮೂರು ವಾರಗಳಿಗೊಮ್ಮೆ ರಕ್ತನಾಳದ ಮೂಲಕ ಔಷಧಿ, ಸಾಮಾನ್ಯವಾಗಿ ಆರು ಬಾರಿ. ರೋಗವು ಹರಡಿದ್ದರೆ ಇದರಲ್ಲಿ ಕೆಲವು ಸಾರಿ ಶಸ್ತ್ರಚಿಕಿತ್ಸೆಗೆ ಮೊದಲೇ ಕೊಡುತ್ತಾರೆ. ಔಷಧಿಯಿಂದ ಕೂದಲು ಉದುರುತ್ತದೆ, ಮುಗಿದ ಮೇಲೆ ಮತ್ತೆ ಬೆಳೆಯುತ್ತದೆ. ಈ ಗಡ್ಡೆಯ ಶಸ್ತ್ರಚಿಕಿತ್ಸೆಯನ್ನು ಕ್ಯಾನ್ಸರಿನಲ್ಲಿ ವಿಶೇಷ ತರಬೇತಿ ಪಡೆದವರೇ ಮಾಡುವುದು ಮೇಲು. ಮೊದಲ ಶಸ್ತ್ರಚಿಕಿತ್ಸೆ ಎಷ್ಟು ಪೂರ್ಣವಾಗಿ ನಡೆಯಿತೆಂಬುದರ ಮೇಲೆ ಮುಂದಿನ ಆಯುಸ್ಸು ಬಹಳಮಟ್ಟಿಗೆ ನಿಂತಿದೆ.

ರೋಗವು ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ, ದಾಂಪತ್ಯದಿಂದಲೂ ಅದು ಪತಿಗಾಗಲಿ ಮಕ್ಕಳಿಗಾಗಲಿ ಹರಡದು. ಚಿಕಿತ್ಸೆಯ ಕಾಲದಲ್ಲಿ ಹೆಂಡತಿಯನ್ನು ತವರಿಗೆ ಕಳುಹಿಸಿ ಕೈತೊಳೆದುಕೊಂಡವರನ್ನೂ, ಆರು ತಿಂಗಳು ಕೂಲಿ ಬಿಟ್ಟು ಪಕ್ಕದಲ್ಲಿ ಕುಳಿತವರನ್ನೂ ನಾವು ಕಂಡಿದ್ದೇವೆ. ಔಷಧಿಯ ಸರದಿಗಳನ್ನು ಪೂರ್ಣಗೊಳಿಸುವವರು ಸಾಮಾನ್ಯವಾಗಿ ಎರಡನೆಯ ಬಗೆಯ ಮನೆಯವರೇ.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು 1973ರಿಂದ ಈ ಸೇವೆಯಲ್ಲಿದೆ. ಹುಬ್ಬಳ್ಳಿಯ ನವನಗರದಲ್ಲಿಯೂ ಕಲಬುರಗಿಯಲ್ಲಿಯೂ ಕ್ಯಾನ್ಸರ್ ಚಿಕಿತ್ಸೆಯ ಸೌಲಭ್ಯವಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ವೆಚ್ಚ ದೊರೆಯುತ್ತದೆ. ಕ್ಯಾನ್ಸರ್ ಚಿಕಿತ್ಸೆಯೂ ಇದರಲ್ಲಿ ಸೇರಿದೆ. ಹೊರಡುವ ಮುನ್ನ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯಿರಿ. ಪಡಿತರ ಚೀಟಿ, ಆಧಾರ್ ಚೀಟಿ, ಈವರೆಗಿನ ಎಲ್ಲ ಸ್ಕ್ಯಾನ್ ವರದಿ ಮತ್ತು ಔಷಧಿ ಚೀಟಿಗಳನ್ನು ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ದಾರಿ ತಿಳಿಯದಿದ್ದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಕಾಗದಪತ್ರಗಳ ವಿಷಯ ತಿಳಿಸುತ್ತಾರೆ. ಚಿಕಿತ್ಸೆ ಮುಗಿದ ಬಳಿಕ ಮೊದಲ ಎರಡು ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕಾಗುತ್ತದೆ. ಸುಗ್ಗಿಯ ಕಾಲದಲ್ಲಿ ಆ ದಿನಾಂಕ ಬಿದ್ದರೂ ತಪ್ಪಿಸದೆ, ಮೊದಲೇ ಪತ್ರ ತೋರಿಸಿ ಹತ್ತಿರದ ಮತ್ತೊಂದು ದಿನ ಪಡೆದುಕೊಳ್ಳಬಹುದು.